ಕಡಲ ಕತ್ತಲೆಯಲ್ಲಿ ಕಂದೀಲು ಮೀನು

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ವನದುರ್ಗವೆಂಬ ಊರುಂಟು. ಸುರಪುರದ ನಾಯಕರ ಕಾಲದ ಕೋಟೆಯೊಂದು ಅಲ್ಲಿ ಇಂದಿಗೂ ನಿಂತಿದೆ. ಊರಿನ ಹೆಸರು ಬಹು ಹಳೆಯ ಶಾಸ್ತ್ರವೊಂದರ ಮಾತು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದುರ್ಗಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು: ಸುತ್ತಲೂ ನೀರಿರುವುದು ಔದಕ, ಬೆಟ್ಟದಲ್ಲಿರುವುದು ಪಾರ್ವತ, ನೀರು ನೆರಳಿಲ್ಲದ ಬೆಂಗಾಡಿನ ನಡುವೆ ಇರುವುದು ಧಾನ್ವನ, ಕಾಡಿನ ಮರೆಯಲ್ಲಿರುವುದು ವನದುರ್ಗ. ಮೊದಲ ಮೂರರಲ್ಲಿ ಹಗೆಯು ಕೋಟೆಯನ್ನು ಕಂಡರೂ ಮುಟ್ಟಲಾರನು. ನಾಲ್ಕನೆಯದರಲ್ಲಿ ಅವನಿಗೆ ಕೋಟೆಯು ಕಾಣುವುದೇ ದುರ್ಲಭ.

ಮರೆಯಲ್ಲಿರುವುದೇ ರಕ್ಷಣೆಯೆಂಬ ಈ ನೀತಿಯನ್ನು ಮನುಷ್ಯನು ಕಲಿಯುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಕಡಲಿನ ಪುಟ್ಟ ಮೀನಿನ ಕುಲವೊಂದು ಕಲಿತುಕೊಂಡಿತ್ತು. ಅದರ ಕೋಟೆಗೆ ಕಲ್ಲಿಲ್ಲ, ಮರವಿಲ್ಲ. ಕತ್ತಲೆಯೇ ಅದರ ಗೋಡೆ. ಆದರೂ ಆಶ್ಚರ್ಯವೇನೆಂದರೆ, ಕತ್ತಲೆಯಲ್ಲಿ ಅಡಗಿ ಬಾಳುವ ಈ ಮೀನಿನ ಮೈಮೇಲೆ ಸಾಲುಸಾಲಾಗಿ ದೀಪಗಳಿರುವುವು. ಪ್ರಾಣಿಶಾಸ್ತ್ರಜ್ಞರು ಈ ಕುಲವನ್ನು ಮಿಕ್ಟೋಫಿಡೆ ಎಂದು ಕರೆಯುವರು. ಇಂಗ್ಲಿಷಿನಲ್ಲಿ ಇದಕ್ಕೆ ಲ್ಯಾಂಟರ್ನ್ ಫಿಶ್ ಎಂದು ಹೆಸರು. ನಮ್ಮ ಮನೆಗಳ ಗೂಟದಲ್ಲಿ ತೂಗುತ್ತಿದ್ದ ಕಂದೀಲನ್ನು ನೆನೆದು ನಾವು ಇದನ್ನು ಕಂದೀಲು ಮೀನು ಎನ್ನೋಣ.

ವನದುರ್ಗದವರಿಗೂ ಕಡಲ ಮೀನಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಶಹಾಪುರದ ಸೀಮೆಯನ್ನು ಒಂದು ಕಡೆ ಭೀಮೆಯೂ ಇನ್ನೊಂದು ಕಡೆ ಕೃಷ್ಣೆಯೂ ಬಳಸಿ ಹರಿಯುವುವು. ಕೃಷ್ಣೆಯಾದರೋ ಅರಬ್ಬೀ ಸಮುದ್ರಕ್ಕೆ ಬಹು ಸಮೀಪದ ಮಹಾಬಲೇಶ್ವರದಲ್ಲಿ ಹುಟ್ಟಿ, ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ನಾಡನ್ನೆಲ್ಲ ದಾಟಿ ಬಂಗಾಳ ಕೊಲ್ಲಿಯನ್ನು ಸೇರುವಳು. ಅವಳು ಬಿಟ್ಟು ಬಂದ ಕಡಲಿನಲ್ಲಿಯೂ ಸೇರುವ ಕಡಲಿನಲ್ಲಿಯೂ ಈ ಮೀನು ಇದೆ. ಅದರಲ್ಲಿಯೂ ಅರಬ್ಬೀ ಸಮುದ್ರವು ಇದರ ತವರೆನ್ನುವಷ್ಟು ಹೇರಳವಾಗಿ ಇರುವುದು. ಈಗ ಈ ಕೋಟೆಯ ಬಾಗಿಲನ್ನು ಮನುಷ್ಯನು ತಟ್ಟುತ್ತಿದ್ದಾನೆ. ಅದನ್ನು ಒಡೆಯುವುದೋ ಬಿಡುವುದೋ ಎಂಬ ಪ್ರಶ್ನೆಯು ಕಡಲನ್ನೇ ಕಾಣದ ಮನೆಯ ಅಡುಗೆಯವರೆಗೂ ಬರುವಂಥದು. ಅದನ್ನು ಕಡೆಯಲ್ಲಿ ನೋಡೋಣ. ಮೊದಲು ಕೋಟೆಯ ಪರಿಚಯವಾಗಲಿ.

ಕತ್ತಲೆಯ ಗೋಡೆ

ಕರ್ನಾಟಕದ ಕರಾವಳಿಯಲ್ಲಿ, ಕಾರವಾರ, ಮಲ್ಪೆ ಅಥವಾ ಮಂಗಳೂರಿನಿಂದ ಪಶ್ಚಿಮಕ್ಕೆ ಹೊರಟರೆ ಕಡಲಿನ ತಳವು ಹಲವು ಹತ್ತು ಮೈಲಿಗಳವರೆಗೆ ಸಣ್ಣ ಇಳಿಜಾರಾಗಿಯೇ ಇರುವುದು. ನಮ್ಮ ಮನೆಗಳಿಗೆ ಬರುವ ಬಂಗುಡೆ, ಬೂತಾಯಿ ಮುಂತಾದ ಮೀನುಗಳೆಲ್ಲ ಈ ಜಗಲಿಯ ಮೇಲಣ ನೀರಿನವು. ಜಗಲಿಯ ಅಂಚು ಮುಗಿದ ಮೇಲೆ ತಳವು ಥಟ್ಟನೆ ಕೆಳಕ್ಕಿಳಿದು ಸಾವಿರ, ಎರಡು ಸಾವಿರ ಮೀಟರುಗಳ ಆಳಕ್ಕೆ ಹೋಗುವುದು. ಕಂದೀಲು ಮೀನಿನ ರಾಜ್ಯವು ಅಲ್ಲಿಂದ ಆರಂಭ.

ನೀರು ಪಾರದರ್ಶಕವೆಂದು ನಾವು ಹೇಳುವುದು ಚೆಂಬಿನ ನೀರನ್ನು ನೋಡಿ. ಕಡಲಿನ ನೀರು ಬೆಳಕನ್ನು ಹೆಜ್ಜೆಹೆಜ್ಜೆಗೂ ನುಂಗುವುದು, ನುಂಗುವುದರಲ್ಲಿಯೂ ಪಕ್ಷಪಾತವುಂಟು. ಕೆಂಪು ಬಣ್ಣವನ್ನು ಮೊದಲು ನುಂಗುವುದು. ಕೆಲವು ಹತ್ತು ಮೀಟರು ಇಳಿಯುವುದರೊಳಗೆ ಹಣೆಯ ಕುಂಕುಮವು ಮಸಿಯಂತೆ ಕಾಣುವುದು. ಬಳಿಕ ಕಿತ್ತಳೆ, ಹಳದಿ, ಹಸುರು ಒಂದೊಂದಾಗಿ ಆರುವುವು. ಎಲ್ಲಕ್ಕಿಂತ ಕೆಳಕ್ಕೆ ಇಳಿಯುವುದು ನೀಲಿ. ಈ ನೀಲಿಯ ಗುಟ್ಟನ್ನು ಬಿಡಿಸಿದವರಲ್ಲಿ ನಮ್ಮವರೇ ಆದ ಚಂದ್ರಶೇಖರ ವೆಂಕಟ ರಾಮನ್ನರ ಹೆಸರು ದೊಡ್ಡದು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೆಯಲ್ಲವೆಂದು ಲಾರ್ಡ್ ರೇಲೆಯಂಥ ಪಂಡಿತನೇ ಹೇಳಿದ್ದನು. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡು ನೀಲಿಯನ್ನು ಕಂಡ ರಾಮನ್ನರಿಗೆ ಆ ಮಾತು ಸರಿದೋರಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದರಿಸುವುವೆಂದು ಅವರು 1922ರಲ್ಲಿ ತೋರಿಸಿಕೊಟ್ಟರು. ಮುಂದೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮುಖ್ಯಸ್ಥರಾಗಿ ಬಂದು ನಮ್ಮ ನಾಡಿನಲ್ಲಿಯೇ ನೆಲಸಿದವರು ಇವರೇ.

ಸುಮಾರು 200 ಮೀಟರು, ಎಂದರೆ ನೂರಹತ್ತು ಮಾರಿನಷ್ಟು ಇಳಿದರೆ, ಮೇಲಿನ ಬೆಳಕಿನಲ್ಲಿ ನೂರರಲ್ಲೊಂದು ಪಾಲು ಉಳಿಯುವುದೂ ಕಷ್ಟ. ಅಲ್ಲಿ ಸಸ್ಯವು ಬೆಳೆಯಲಾರದು. ಅಲ್ಲಿಂದ 1000 ಮೀಟರಿನವರೆಗೆ ಇರುವುದು ಮುಚ್ಚಂಜೆಯ ನಾಡು: ಮೇಲುಗಡೆ ಒಂದು ಮಾಸಲು ನೀಲಿ, ಕೆಳಗಡೆ ಕಾಡಿಗೆಯಂಥ ಕಪ್ಪು. 1000 ಮೀಟರಿನ ಕೆಳಗೆ ಸೂರ್ಯನ ಬೆಳಕೆಂಬುದೇ ಇಲ್ಲ. ಕಂದೀಲು ಮೀನು ಹಗಲನ್ನು ಕಳೆಯುವುದು ಈ ಮುಚ್ಚಂಜೆಯಲ್ಲಿ. ಹತ್ತು ಮೀಟರು ಇಳಿದಂತೆಲ್ಲ ನಮ್ಮ ಮೇಲಿನ ವಾಯುಮಂಡಲದ ಭಾರದಷ್ಟು ಭಾರವು ಮೈಮೇಲೆ ಕೂಡುತ್ತ ಹೋಗುವುದು. ಆದುದರಿಂದ 300 ಮೀಟರು ಆಳದಲ್ಲಿ ಆ ಮೀನು ಮೂವತ್ತು ವಾಯುಮಂಡಲಗಳನ್ನು ಹೊತ್ತಿರುವುದು. ಅದರ ಮೈಯೊಳಗಿನ ರಸಗಳೂ ಅಷ್ಟೇ ಒತ್ತಡದಿಂದ ಹೊರಕ್ಕೆ ಒತ್ತುವುದರಿಂದ ಅದಕ್ಕೆ ಆ ಭಾರವು ಭಾರವೆನಿಸದು.

ಕುಲ, ಗೋತ್ರ

ಈ ಕುಲದಲ್ಲಿ ಸುಮಾರು 250 ಜಾತಿಗಳಿವೆ. ಧ್ರುವಗಳ ಬಳಿಯ ತಣ್ಣೀರಿನಿಂದ ಹಿಡಿದು ನಮ್ಮ ಉಷ್ಣವಲಯದವರೆಗೆ, ಎಲ್ಲ ಮಹಾಸಾಗರಗಳಲ್ಲಿಯೂ ಇವು ಹರಡಿಕೊಂಡಿರುವುವು. ಹೆಚ್ಚಿನವು ಬೆರಳುದ್ದದವು, ಹದಿನೈದು ಸೆಂಟಿಮೀಟರನ್ನು ಮೀರುವಂಥವು ಸ್ವಲ್ಪ. ದಪ್ಪ ತಲೆ, ಮೊಂಡು ಮೂತಿ, ಕಣ್ಣಿನ ಹಿಂಭಾಗದವರೆಗೂ ಸೀಳಿದ ಬಾಯಿ, ಮುಖಕ್ಕೆ ಮೀರಿದ ಕಣ್ಣು, ಸುಲಭವಾಗಿ ಉದುರಿಹೋಗುವ ಪೊರೆ. ಇವು ಇದರ ಸಾಮಾನ್ಯ ಲಕ್ಷಣಗಳು. ಬಲೆಯಲ್ಲಿ ಸಿಕ್ಕಿ ಮೇಲಕ್ಕೆ ಬರುವುದರೊಳಗೆ ಅನೇಕ ವೇಳೆ ಇದರ ಮೈಯೆಲ್ಲ ತರಚಿಹೋಗಿರುವುದರಿಂದ, ಅದರ ನಿಜವಾದ ಚೆಲುವನ್ನು ಕಂಡವರು ಕಡಮೆ.

ನಮ್ಮ ಕಡಲುಗಳ ಈ ಮೀನುಗಳನ್ನು ಶಾಸ್ತ್ರೀಯವಾಗಿ ಪರಿಚಯಿಸಿದ ಕೀರ್ತಿಯು ಒಂದು ಹಡಗಿಗೂ ಒಬ್ಬ ವೈದ್ಯನಿಗೂ ಸಲ್ಲಬೇಕು. ಹಡಗಿನ ಹೆಸರು ಇನ್‌ವೆಸ್ಟಿಗೇಟರ್. ಮುಂಬಯಿಯಲ್ಲಿ 1881ರಲ್ಲಿ ಕಟ್ಟಿದ್ದು. ಕಡಲಿನ ಆಳವನ್ನು ಅಳೆದು ನಕ್ಷೆ ಬರೆಯುವುದು ಅದರ ಕೆಲಸ. ಅಂಥ ಹಡಗಿನಲ್ಲಿ ವೈದ್ಯನೊಬ್ಬನು ಇರುತ್ತಿದ್ದನು. ರೋಗಿಗಳಿಲ್ಲದ ವೇಳೆಯಲ್ಲಿ ಅವನು ಪ್ರಾಣಿಶಾಸ್ತ್ರದ ಕೆಲಸವನ್ನು ಮಾಡಬೇಕೆಂದು ಏರ್ಪಾಡು. 1888ರಲ್ಲಿ ಆ ಕೆಲಸಕ್ಕೆ ಬಂದ ಆಲ್‌ಫ್ರೆಡ್ ಆಲ್ಕಾಕ್ ಎಂಬಾತನು ಬಂಗಾಳ ಕೊಲ್ಲಿಯಲ್ಲಿಯೂ ಅರಬ್ಬೀ ಸಮುದ್ರದಲ್ಲಿಯೂ ಬಲೆಯನ್ನು ಆಳಕ್ಕೆ ಇಳಿಬಿಟ್ಟು, ಅದುವರೆಗೆ ಯಾರೂ ಕಂಡಿರದ ಪ್ರಾಣಿಗಳನ್ನು ಮೇಲಕ್ಕೆತ್ತಿದನು. ಬೆಂಥೋಸೆಮ ಟೆರೋಟಮ್ ಎಂದು ಈಗ ಕರೆಯುವ ಕಂದೀಲು ಮೀನನ್ನು ಮೊದಲು ವರ್ಣಿಸಿದವನು ಈತನೇ, 1890ರಲ್ಲಿ. ನಾಲ್ಕೈದು ಸೆಂಟಿಮೀಟರು ಉದ್ದದ ಈ ಮೀನೇ ಅರಬ್ಬೀ ಸಮುದ್ರದಲ್ಲಿ ಎಲ್ಲಕ್ಕಿಂತ ಹೇರಳವಾದದ್ದೆಂದು ಬಹುಕಾಲದ ಮೇಲೆ ತಿಳಿದುಬಂದಿತು. ಆಲ್ಕಾಕನು ಮುಂದೆ ಕಲ್ಕತ್ತೆಯ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿ, ಭಾರತದ ಆಳಗಡಲಿನ ಮೀನುಗಳ ವಿವರವಾದ ಪಟ್ಟಿಯನ್ನು 1899ರಲ್ಲಿ ಪ್ರಕಟಿಸಿದನು.

ಮೈಮೇಲಿನ ದೀಪಗಳು

ಈಗ ದೀಪಗಳ ಮಾತು. ಕಂದೀಲು ಮೀನಿನ ಹೊಟ್ಟೆಯ ಉದ್ದಕ್ಕೂ ಪಕ್ಕೆಗಳ ಕೆಳಭಾಗದಲ್ಲಿಯೂ ಮುತ್ತನ್ನು ಕೂಡಿಸಿದಂತೆ ಸಣ್ಣ ಸಣ್ಣ ಗುಳಿಗಳಿರುವುವು. ಶಾಸ್ತ್ರಜ್ಞರು ಇವನ್ನು ಫೋಟೋಫೋರ್ ಎನ್ನುವರು. ಒಂದೊಂದು ಗುಳಿಯ ರಚನೆಯೂ ಕುಶಲಿಯಾದ ಕಮ್ಮಾರನ ಕಂದೀಲನ್ನು ಮೀರಿಸುವುದು. ಹಿಂಬದಿಯಲ್ಲಿ ಬೆಳಕು ಒಳಕ್ಕೆ ಸೋರದಂತೆ ಕಪ್ಪು ಪದರ. ಅದರ ಮುಂದೆ ಬೆಳಕನ್ನು ಹಿಂತಿರುಗಿಸುವ ಕನ್ನಡಿಯಂಥ ಪದರ. ನಡುವೆ ಬೆಳಕನ್ನು ಹುಟ್ಟಿಸುವ ಕೋಶಗಳು. ಅದರ ಮೇಲೆ ಪೊರೆಯೇ ದಪ್ಪವಾಗಿ ಮಸೂರದಂತೆ ಆದ ಗಾಜು. ಈ ಕಂದೀಲಿಗೆ ಎಣ್ಣೆಬತ್ತಿಗಳಿಲ್ಲ. ನಮ್ಮ ಹೊಲಗಳ ಮಿಂಚುಹುಳುವಿನಲ್ಲಿರುವಂತೆ ಇಲ್ಲಿಯೂ ಒಂದು ಪದಾರ್ಥವು ಆಮ್ಲಜನಕದೊಡನೆ ಕೂಡಿದಾಗ ಬೆಳಕು ಹುಟ್ಟುವುದು. ಶಾಖವು ಇಲ್ಲವೆನ್ನುವಷ್ಟು ಕಡಮೆ. ಮಿಂಚುಹುಳುವಿನ ಬೆಳಕು ಹಳದಿ ಹಸುರು, ಮೀನಿನದು ನೀಲಿ. ದೀಪವನ್ನು ಏರಿಸುವುದೂ ಇಳಿಸುವುದೂ ಮೀನಿನ ನರಗಳ ಹಿಡಿತದಲ್ಲಿರುವುದು.

ಅಡಗಬೇಕಾದವನು ದೀಪವನ್ನೇಕೆ ಹಚ್ಚಿಕೊಳ್ಳಬೇಕು? ಹೂಳೆತ್ತಲು ಬಾವಿಗೆ ಇಳಿದವರಿಗೆ ಇದರ ಉತ್ತರವು ಬೇಗನೆ ಹೊಳೆದೀತು. ಬಾವಿಯ ತಳದಲ್ಲಿ ನಿಂತು ಮೇಲಕ್ಕೆ ನೋಡಿದರೆ ಬಾಯಿಯು ಬೆಳ್ಳಗೆ ದುಂಡಗೆ ಕಾಣುವುದು. ಹಗ್ಗದಲ್ಲಿ ಇಳಿಯುತ್ತಿರುವ ಕೊಡವು ಹಿತ್ತಾಳೆಯದಾದರೂ ಬೆಳ್ಳಿಯದಾದರೂ ಕೆಳಗಿನವನಿಗೆ ಕಪ್ಪು ಮಚ್ಚೆಯಾಗಿಯೇ ಕಾಣುವುದು. ಮುಚ್ಚಂಜೆಯ ಕಡಲಿನಲ್ಲಿಯೂ ಹೀಗೆಯೇ. ಬೇಟೆಯಾಡುವ ಮೀನುಗಳು ಕೆಳಗೆ ಕಾದಿದ್ದು ಮೇಲಕ್ಕೆ ಕಣ್ಣಿಟ್ಟಿರುವುವು. ಮಾಸಲು ನೀಲಿಯ ಮೇಲೆ ಎಲ್ಲಿ ಕಪ್ಪು ಮಚ್ಚೆ ಕಂಡಿತೋ ಅಲ್ಲಿಗೆ ಹಾಯುವುವು. ಈಗ ಕೊಡದ ತಳದಲ್ಲಿ ಆಕಾಶದ ಬೆಳಕಿನಷ್ಟೇ ಬೆಳಕನ್ನು, ಅದೇ ಬಣ್ಣದಲ್ಲಿ ಹಚ್ಚಿದ್ದೇ ಆದರೆ, ಕೆಳಗಿನವನಿಗೆ ಕೊಡವು ಕಾಣುವುದೇ? ಕಂದೀಲು ಮೀನು ಮಾಡುವುದು ಇದನ್ನೇ. ಮೇಲಿನಿಂದ ಬರುವ ನೀಲಿಗೆ ಸರಿಹೊಂದುವಷ್ಟು ನೀಲಿಯನ್ನು ಹೊಟ್ಟೆಯ ದೀಪಗಳಿಂದ ಕೆಳಕ್ಕೆ ಚೆಲ್ಲಿ ತನ್ನ ನೆರಳನ್ನು ಅಳಿಸಿಬಿಡುವುದು. ಮೋಡ ಕವಿದು ಮೇಲಿನ ಬೆಳಕು ಕುಗ್ಗಿದರೆ ತನ್ನ ದೀಪವನ್ನೂ ಕುಗ್ಗಿಸಬೇಕು. ಕೊಂಚ ಹೆಚ್ಚಾದರೂ ಕಡಮೆಯಾದರೂ ಪ್ರಾಣಕ್ಕೆ ಸಂಚಕಾರ. ಕೆಲವು ಜಾತಿಗಳಲ್ಲಿ ಒಂದು ದೀಪವು ಕಣ್ಣಿನ ಬಳಿಯಲ್ಲಿಯೇ ಇದೆ. ತನ್ನ ದೀಪದ ಕಾಂತಿಯನ್ನೂ ಮೇಲಿನ ಬೆಳಕನ್ನೂ ಒಂದೇ ಕಣ್ಣಿನಿಂದ ಹೋಲಿಸಿ ನೋಡಲು ಅದು ಒದಗುವುದೆಂದು ಪರಿಶೀಲಿಸಿದವರು ಊಹಿಸಿರುವರು.

ದೀಪಗಳಿಗೆ ಇನ್ನೂ ಒಂದು ಉಪಯೋಗವುಂಟು. ಅವುಗಳ ಜೋಡಣೆಯು ಒಂದೊಂದು ಜಾತಿಗೂ ಬೇರೆ ಬೇರೆ. ಹಣೆಯ ವಿಭೂತಿ ನಾಮಗಳಿಂದ ನಾವು ಮತವನ್ನು ಗುರುತಿಸುವಂತೆ, ಪಂಡಿತರು ಇವುಗಳ ಸಾಲು, ಸಂಖ್ಯೆ, ಅಂತರಗಳನ್ನು ನೋಡಿ ಜಾತಿಯನ್ನು ಹೇಳುವರು. ಮೀನುಗಳೂ ತಮ್ಮವರನ್ನು ಹೀಗೆಯೇ ಗುರುತಿಸುವುವೆಂದು ತೋರುವುದು. ಅನೇಕ ಜಾತಿಗಳಲ್ಲಿ ಬಾಲದ ಬುಡದಲ್ಲಿ ಬೇರೆಯೇ ಒಂದು ದೀಪವಿದ್ದು, ಗಂಡಿಗೆ ಅದು ಮೇಲುಗಡೆಯೂ ಹೆಣ್ಣಿಗೆ ಕೆಳಗಡೆಯೂ ಇರುವುದು. ಡಯಾಫಸ್ ಎಂಬ ಪಂಗಡದ ಮೀನುಗಳಿಗೆ ಕಣ್ಣಿನ ಮುಂದುಗಡೆ, ಮೂಗಿನ ಬಳಿ, ದೊಡ್ಡ ದೀಪಗಳಿರುವುವು. ಮೋಟಾರು ಗಾಡಿಯ ಮುಂದೀಪದಂತೆ ಅವು ಮುಂದಕ್ಕೆ ಬೆಳಕನ್ನು ಚೆಲ್ಲುವುವು. ಈ ಪಂಗಡದವೂ ನಮ್ಮ ಪಶ್ಚಿಮ ಕರಾವಳಿಯಾಚೆಯ ಆಳದಲ್ಲಿ ಇವೆ.

ಇನ್ನು ಕಣ್ಣು. ನಮ್ಮ ಕಣ್ಣಿನ ಹಿಂಬದಿಯ ಪಟಲದಲ್ಲಿ ಬಣ್ಣವನ್ನು ತಿಳಿಯುವ ಶಂಕುಕೋಶಗಳೂ ಮಬ್ಬಿನಲ್ಲಿ ನೋಡುವ ದಂಡಕೋಶಗಳೂ ಎರಡೂ ಇವೆ. ಕಂದೀಲು ಮೀನು ಬಣ್ಣಗಳ ವೈಭವವನ್ನು ತ್ಯಜಿಸಿದೆ. ಅದರ ಪಟಲದಲ್ಲಿ ದಂಡಕೋಶಗಳೇ, ಅವೂ ನೀಳವಾಗಿ, ದಟ್ಟವಾಗಿ ತುಂಬಿರುವುವು. ಅದರ ಕಣ್ಣಿನ ವರ್ಣದ್ರವ್ಯವು ಕಡಲಿನ ನೀಲಿಗೂ ತನ್ನವರ ದೀಪದ ನೀಲಿಗೂ ಹೊಂದಿಕೊಂಡಿದೆ. ಇರುವ ಒಂದೇ ಬಣ್ಣವನ್ನು ಚೆನ್ನಾಗಿ ಕಂಡರೆ ಸಾಕೆಂಬುದು ಅದರ ಸಂಸಾರನೀತಿ.

ಸಂಜೆಯ ಯಾತ್ರೆ

ಕೋಟೆಯೊಳಗೆ ಅಡಗಿದ್ದವನಿಗೆ ಅನ್ನವು ಹೊರಗಿನಿಂದಲೇ ಬರಬೇಕು. ಮುಚ್ಚಂಜೆಯಲ್ಲಿ ಸಸ್ಯವಿಲ್ಲ; ಆಹಾರವೆಲ್ಲ ಮೇಲಿನ ಬಿಸಿಲುನೀರಿನಲ್ಲಿ. ಆದುದರಿಂದ ಕಂದೀಲು ಮೀನುಗಳಲ್ಲಿ ಹೆಚ್ಚಿನವು ಹೊತ್ತು ಮುಳುಗುತ್ತಿದ್ದಂತೆ ಗುಂಪುಗುಂಪಾಗಿ ಮೇಲಕ್ಕೆ ಏರತೊಡಗುವುವು. ರಾತ್ರಿಯೆಲ್ಲ ಮೇಲಿನ ನೂರು ಮೀಟರಿನೊಳಗೆ ಇದ್ದು, ಸಣ್ಣ ಸಿಗಡಿಯಂಥ ತೇಲುಜೀವಿಗಳನ್ನು ತಿಂದು, ಮೂಡಲು ಕೆಂಪೇರುವುದಕ್ಕೆ ಮೊದಲೇ ಮತ್ತೆ ಆಳಕ್ಕೆ ಇಳಿಯುವುವು. ಐದು ಸೆಂಟಿಮೀಟರಿನ ಮೀನು 300 ಮೀಟರು ಏರುವುದೆಂದರೆ ತನ್ನ ಉದ್ದದ ಆರು ಸಾವಿರ ಪಾಲು ಏರಿದಂತಾಯಿತು. ಮನುಷ್ಯನ ಅಳತೆಗೆ ಹಾಕಿದರೆ, ಸಂಜೆಗೊಮ್ಮೆ ಎರಡು ಹರಿದಾರಿಯಷ್ಟು ನೆಟ್ಟಗೆ ಮೇಲಕ್ಕೆ ಹೋಗಿ ಊಟ ಮಾಡಿ, ಬೆಳಗಾಗುವುದರೊಳಗೆ ಇಳಿದು ಬಂದಂತೆ. ಬೆಳದಿಂಗಳಿನ ರಾತ್ರಿಗಳಲ್ಲಿ ಇವು ಪೂರಾ ಮೇಲಕ್ಕೆ ಬಾರದೆ ಕೊಂಚ ಕೆಳಗೇ ನಿಲ್ಲುವುವು. ಅಮಾವಾಸ್ಯೆಯೇ ಇವುಗಳ ಹಬ್ಬ.

ಈ ಯಾತ್ರೆಯ ಅರಿವು ಆದದ್ದು ಯುದ್ಧದ ನಡುವೆ. 1942ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞರು ಕ್ಯಾಲಿಫೋರ್ನಿಯದಾಚೆಯ ಕಡಲಿನಲ್ಲಿ, ಜಲಾಂತರ್ಗಾಮಿ ಹಡಗುಗಳನ್ನು ಪತ್ತೆ ಮಾಡುವುದಕ್ಕಾಗಿ, ನೀರಿನೊಳಕ್ಕೆ ಧ್ವನಿಯನ್ನು ಕಳುಹಿಸಿ ಮಾರ್ದನಿಯನ್ನು ಆಲಿಸುತ್ತಿದ್ದರು. ತಳವು ಇನ್ನೂ ಎಷ್ಟೋ ಕೆಳಗಿರುವಾಗ, ನಡುನೀರಿನಿಂದಲೇ ಮಾರ್ದನಿ ಬಂದಿತು. ಕಡಲಿಗೆ ಎರಡು ತಳಗಳೇ ಎಂದು ಅವರು ಬೆರಗಾದರು. ಈ ಸುಳ್ಳು ತಳವು ಸಂಜೆ ಏರಿ ಬೆಳಗ್ಗೆ ಇಳಿಯುವುದೆಂದೂ, ಆದುದರಿಂದ ಅದು ಜೀವವಿರುವ ತಳವೆಂದೂ 1945ರಲ್ಲಿ ಮಾರ್ಟಿನ್ ಜಾನ್ಸನ್ ಎಂಬ ಪ್ರಾಣಿಶಾಸ್ತ್ರಜ್ಞನು ತೋರಿಸಿದನು. ಎಷ್ಟೋ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವುಂಟಷ್ಟೆ. ಲಕ್ಷೋಪಲಕ್ಷ ಕಂದೀಲು ಮೀನುಗಳ ಆ ಚೀಲಗಳೇ ಧ್ವನಿಯನ್ನು ಹಿಂದಕ್ಕೆ ಕಳುಹಿಸುವುದರಲ್ಲಿ ಮುಖ್ಯವಾದುವು.

ಉಸಿರು ಕಡಮೆಯಾದ ನೀರು

ಅರಬ್ಬೀ ಸಮುದ್ರದ ಕೋಟೆಗೆ ಕತ್ತಲೆಯಲ್ಲದೆ ಇನ್ನೊಂದು ಕಂದಕವೂ ಇದೆ. ನಮ್ಮ ಬಯಲುಸೀಮೆಯ ಹಿರಿಯರು ಜೋಳದ ಹಗೇವಿಗೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ತಿಳಿದು ಹಿಂದೆ ಸರಿಯುತ್ತಿದ್ದರು. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1000 ಮೀಟರಿನವರೆಗಿನ ನೀರು ಅಂಥ ಹಗೇವಿನಂತೆಯೇ. ಅದರಲ್ಲಿ ಕರಗಿರುವ ಆಮ್ಲಜನಕವು ಅತ್ಯಲ್ಪ. ಪ್ರಪಂಚದಲ್ಲಿ ಇಷ್ಟು ದಪ್ಪನಾದ ಇಂಥ ಪದರಗಳು ಬಹು ವಿರಳ. ನೈಋತ್ಯ ಮಳೆಗಾಲದ ಗಾಳಿಯು ಮೇಲಿನ ನೀರನ್ನು ತಳ್ಳಿದಾಗ ಕೆಳಗಿನ ಸಾರವತ್ತಾದ ನೀರು ಮೇಲಕ್ಕೆ ಬಂದು, ಸೂಕ್ಷ್ಮ ಸಸ್ಯಗಳು ಯಥೇಷ್ಟವಾಗಿ ಬೆಳೆಯುವುವು. ಅವು ಸತ್ತು ಕೆಳಕ್ಕಿಳಿದು ಕೊಳೆಯುವಾಗ ಅಲ್ಲಿನ ಆಮ್ಲಜನಕವು ವೆಚ್ಚವಾಗುವುದು. ಉತ್ತರದಲ್ಲಿ ನೆಲವು ಅಡ್ಡವಾಗಿರುವುದರಿಂದ ಹೊಸ ನೀರು ಬಂದು ಅದನ್ನು ತುಂಬಿಕೊಡುವುದು ನಿಧಾನ.

ಬೇಟೆಯಾಡುವ ದೊಡ್ಡ ಮೀನುಗಳಲ್ಲಿ ಅನೇಕವು ಈ ಉಸಿರುಗಟ್ಟಿಸುವ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಾರವು. ಕಂದೀಲು ಮೀನು ನಿಲ್ಲಬಲ್ಲುದು. ಹಗಲಿನಲ್ಲಿ ಅಲುಗಾಟವನ್ನು ಕಡಮೆ ಮಾಡಿ, ಅಲ್ಪದಲ್ಲಿಯೇ ಜೀವಿಸಿ, ರಾತ್ರಿ ಮೇಲಿನ ನೀರಿಗೆ ಬಂದು ಚೆನ್ನಾಗಿ ಉಸಿರಾಡುವುದು. ಆದರೆ ಇದು ಅತಿ ಸೂಕ್ಷ್ಮವಾದ ತೂಕ. ಬೆಚ್ಚಗಾದ ನೀರಿನಲ್ಲಿ ಆಮ್ಲಜನಕವು ಕಡಮೆ ಕರಗುವುದೆಂಬುದು ಸರ್ವವಿದಿತ. ಕಡಲು ಕಾಯುತ್ತ ಬಂದಂತೆ ಈ ಪದರದ ಗತಿ ಏನಾಗುವುದೆಂಬುದನ್ನು ಗೋವೆಯಲ್ಲಿ 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರೂ ಇತರರೂ ಕಾಳಜಿಯಿಂದ ನೋಡುತ್ತಿದ್ದಾರೆ.

ಕೋಟೆಯನ್ನು ಮುತ್ತುವವರು

ಎಂಥ ದುರ್ಗಕ್ಕೂ ಭೇದೋಪಾಯವುಂಟು. ಕಂದೀಲು ಮೀನಿನ ಹಗೆಗಳಲ್ಲಿ ಡ್ರಾಗನ್ ಮೀನುಗಳೆಂಬ ಕುಲವೊಂದಿದೆ. ಇವು ಕಪ್ಪು ಮೈಯವು, ಸೂಜಿಯಂಥ ಹಲ್ಲಿನವು. ಈ ಕುಲದ ಮೂರು ಪಂಗಡಗಳು ಕಣ್ಣಿನ ಕೆಳಗೆ ಕೆಂಪು ದೀಪವನ್ನು ಪಡೆದಿವೆ. ಆಳದ ಹೆಚ್ಚಿನ ಪ್ರಾಣಿಗಳಿಗೆ ನೀಲಿಯಲ್ಲದೆ ಬೇರೆ ಕಾಣದೆಂದು ಮೇಲೆ ಹೇಳಿದೆಯಷ್ಟೆ. ಹೀಗಿರಲು ಕೆಂಪು ದೀಪವನ್ನು ಹಿಡಿದು ಬರುವವನು ಎಲ್ಲರನ್ನೂ ನೋಡುವನು; ಅವನ ದೀಪವು ಯಾರಿಗೂ ಕಾಣದು. ಇವುಗಳಲ್ಲಿ ಮ್ಯಾಲಕೋಸ್ಟಿಯಸ್ ಎಂಬ ಮೀನು ಕೆಂಪನ್ನು ಕಾಣುವ ಬಗೆಯಂತೂ ವಿಚಿತ್ರ. ಗಿಡಗಳ ಹಸುರಿಗೆ ಕಾರಣವಾದ ಹರಿತ್ತಿನಿಂದ ಹುಟ್ಟಿದ ಒಂದು ದ್ರವ್ಯವು ಅದರ ಕಣ್ಣಿನಲ್ಲಿದ್ದು ಕೆಂಪು ಬೆಳಕನ್ನು ಹಿಡಿದುಕೊಡುವುದೆಂದು 1998ರಲ್ಲಿ ತಿಳಿದುಬಂದಿತು. ಬಿಸಿಲನ್ನೇ ಕಾಣದ ಪ್ರಾಣಿಯು ಬಿಸಿಲಿನ ಗಿಡದ ಬಣ್ಣವನ್ನು ತನ್ನ ಕಣ್ಣಿನಲ್ಲಿ ಇಟ್ಟುಕೊಂಡಿರುವುದು!

ಇಂಥ ಹಗೆಗಳೊಡನೆ ಈ ಕುಲವು ಯುಗಯುಗಗಳಿಂದ ಬಾಳಿಕೊಂಡು ಬಂದಿದೆ. ಇದರಿಂದ ಎಷ್ಟೋ ಹೊಟ್ಟೆಗಳು ತುಂಬುವುವು. ಟ್ಯೂನಾ ಮೀನುಗಳೂ, ಅರಬ್ಬೀ ಸಮುದ್ರದ ದೊಡ್ಡ ಬೊಂಡಾಸುಗಳೂ, ತಿಮಿಂಗಿಲ ಹಂದಿಮೀನುಗಳಲ್ಲಿ ಕೆಲವೂ ಇದನ್ನು ತಿನ್ನುವುವು. ಹೊಸದಾಗಿ ಬಂದಿರುವ ಹಗೆಯೆಂದರೆ ಮನುಷ್ಯನ ಅಗತ್ಯ.

ನಾರ್ವೆಯವರ ನಾನ್ಸೆನ್ ಎಂಬ ಸಂಶೋಧನೆಯ ಹಡಗು 1975ರಿಂದ ಅರಬ್ಬೀ ಸಮುದ್ರವನ್ನು ಸುತ್ತಿ ಧ್ವನಿಯಂತ್ರದಿಂದ ಅಳೆದ ಬಳಿಕ, ಉತ್ತರ ಪಶ್ಚಿಮ ಭಾಗಗಳಲ್ಲಿಯೇ ಇಂಥ ನಡುನೀರಿನ ಮೀನು ಹತ್ತು ಕೋಟಿ ಟನ್ನಿನಷ್ಟು ಇರಬಹುದೆಂದು ಲೆಕ್ಕ ಹಾಕಲಾಯಿತು. ಪ್ರಪಂಚದ ಎಲ್ಲ ಕಡಲುಗಳಲ್ಲಿ ಮನುಷ್ಯರೆಲ್ಲ ಸೇರಿ ಒಂದು ವರ್ಷಕ್ಕೆ ಹಿಡಿಯುವ ಮೀನು ಸುಮಾರು ಎಂಟು ಕೋಟಿ ಟನ್ನು. ಈ ಲೆಕ್ಕವನ್ನು ಕೇಳಿದವರ ಬಾಯಲ್ಲಿ ನೀರೂರಿದುದರಲ್ಲಿ ಆಶ್ಚರ್ಯವೇನು? ಆದರೆ ಮಾರ್ದನಿಯನ್ನು ಎಣಿಸಿ ಮಾಡಿದ ಲೆಕ್ಕವು ಕಣಜದ ಕಾಳನ್ನು ಅಳೆದ ಲೆಕ್ಕವಲ್ಲ. ಗಾಳಿಗುಳ್ಳೆಯನ್ನು ಹೊತ್ತ ಲೋಳೆಮೀನುಗಳೂ ಮಾರ್ದನಿಯನ್ನು ಕೊಡುವುವು. ಬಲೆಯನ್ನು ಬಿಟ್ಟು ನೋಡೋಣವೆಂದರೆ ಕಂದೀಲು ಮೀನು ಬಲೆಯನ್ನು ಕಂಡು ಓಡುವುದರಲ್ಲಿ ಜಾಣ. ಇಡೀ ಪ್ರಪಂಚದ ನಡುನೀರಿನ ಮೀನು ನೂರು ಕೋಟಿ ಟನ್ನು ಇರಬಹುದೆಂದು 1980ರಲ್ಲಿ ಹೇಳಿದರು. 2014ರಲ್ಲಿ ಬೇರೊಂದು ತಂಡದವರು ಸಾವಿರ ಕೋಟಿ ಟನ್ನು ಎಂದರು. ಒಂದಕ್ಕೆ ಹತ್ತರಷ್ಟು ವ್ಯತ್ಯಾಸವಿರುವ ಲೆಕ್ಕವನ್ನು ನಂಬಿ ಯಾವ ಮನೆಯ ಯಜಮಾನನಾದರೂ ವ್ಯವಹಾರಕ್ಕೆ ಕೈಹಾಕುವನೇ?

ಕೈಹಾಕಿದವರು ಇಲ್ಲದೆ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಒಂದು ಜಾತಿಯ ಕಂದೀಲು ಮೀನನ್ನು ಹಿಡಿದು ಪುಡಿ ಮಾಡುವ ಉದ್ಯಮವು ನಡೆಯಿತು. ಮೀನಿನಲ್ಲಿ ಎಣ್ಣೆಯು ವಿಪರೀತವಾಗಿ ಯಂತ್ರಗಳಿಗೆ ತೊಡಕಾದ್ದರಿಂದ 1980ರ ದಶಕದ ನಡುವೆ ಅದು ನಿಂತಿತು. ನಮ್ಮ ದೇಶದಲ್ಲಿ 1984ರಿಂದ ಕೆಲಸ ಮಾಡಿದ ಸಾಗರ ಸಂಪದ ಎಂಬ ಸಂಶೋಧನೆಯ ಹಡಗು ಈ ಮೀನುಗಳನ್ನು ಶೋಧಿಸಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯವರು ಇವುಗಳಿಂದ ಆಗಬಹುದಾದ ಉಪಯೋಗಗಳನ್ನು ಪರೀಕ್ಷಿಸಿದ್ದಾರೆ. ಕೇರಳದ ಕೊಲ್ಲಂ ಕಡೆ ಆಳಗಡಲಿನ ಸಿಗಡಿಗೆ ಹೋಗುವ ದೋಣಿಗಳ ಬಲೆಯಲ್ಲಿ ಇವು ಬೇಡದ ಮೀನಾಗಿ ಬಂದು ಬೀಳುವುದುಂಟು.

ಈ ಮೀನನ್ನು ನಾವು ತಿನ್ನುವೆವೆಂದು ಯಾರೂ ಹೇಳುವುದಿಲ್ಲ. ಕೆಲವು ಜಾತಿಗಳಲ್ಲಿರುವ ಮೇಣದಂಥ ಕೊಬ್ಬು ಮನುಷ್ಯನಿಗೆ ಜೀರ್ಣವಾಗದು. ಇದು ಪುಡಿಯಾಗಿ, ಎಣ್ಣೆಯಾಗಿ, ಸಾಕಿದ ಸಿಗಡಿಗೂ ಮೀನಿಗೂ ಕೋಳಿಗೂ ಮೇವಾಗಿ ಹೋಗತಕ್ಕದ್ದು. ನಮ್ಮ ಮಂಗಳೂರಿನ ಕಡೆ ಇಂಥ ಪುಡಿಯ ಕಾರ್ಖಾನೆಗಳು ಈಗಾಗಲೇ ಇವೆ. ಬೂತಾಯಿಯಂಥ ಮೀನು ಕಡಮೆಯಾದ ವರ್ಷಗಳಲ್ಲಿ ಅವಕ್ಕೆ ಬೇರೆ ಮೀನು ಬೇಕಾಗುವುದು ಸಹಜ. ಹೀಗೆ ಕಡಲನ್ನು ಕಾಣದ ವನದುರ್ಗದ ಮನೆಗೆ ಬರುವ ಒಂದು ಕೋಳಿಮೊಟ್ಟೆಯ ಹಿಂದೆಯೂ ಕಡಲಿನ ಮೀನು ಇರಬಹುದು. ಅದು ನಾಳೆ ಕಂದೀಲು ಮೀನಾಗಬೇಕೇ ಎಂಬುದು ಈಗಿನ ಪ್ರಶ್ನೆ.

ಆಗಲಿ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಜನಸಂಖ್ಯೆ ಬೆಳೆದಿದೆ, ಮೇವು ಬೇಕು, ಈ ಮೀನಿನ ಆಯುಸ್ಸು ಹೇಗೂ ಸುಮಾರು ಒಂದು ವರ್ಷ, ಬೇಗನೆ ಬೆಳೆದು ಬೇಗನೆ ಸಾಯುವಂಥದು. ಹಿಡಿದರೆ ನಷ್ಟವೇನು ಎಂದು ಅವರು ಕೇಳುವರು. ಇದಕ್ಕೆ ಉತ್ತರವು ಮೇಲೆ ಹೇಳಿದ ಸಂಜೆಯ ಯಾತ್ರೆಯಲ್ಲಿಯೇ ಇದೆ. ಈ ಮೀನು ಪ್ರತಿ ರಾತ್ರಿಯೂ ಮೇಲೆ ತಿಂದು ಹಗಲು ಕೆಳಗೆ ವಿಸರ್ಜಿಸುವುದು. ಗಾಳಿಯಿಂದ ಕಡಲಿನ ಸಸ್ಯಗಳು ಹೀರಿದ ಇಂಗಾಲದಲ್ಲಿ ಒಂದು ಪಾಲನ್ನು ಹೀಗೆ ಹೊತ್ತು ಆಳಕ್ಕೆ ಸಾಗಿಸುವುದು. ಗಾಳಿಯಲ್ಲಿ ಇಂಗಾಲವು ಹೆಚ್ಚಿ ಭೂಮಿಯು ಕಾಯುತ್ತಿರುವ ಈ ಕಾಲದಲ್ಲಿ, ಕೂಲಿ ಕೇಳದೆ ಅದನ್ನು ಹೊತ್ತೊಯ್ಯುವ ಹಮಾಲರನ್ನು ಎಣಿಸದೆಯೇ ಕಡಮೆ ಮಾಡುವುದು ಜಾಣತನವಲ್ಲ. ಟ್ಯೂನಾ, ಬೊಂಡಾಸುಗಳನ್ನು ನಂಬಿ ಬಾಳುವ ಬೆಸ್ತರ ಅನ್ನವೂ ಇದರ ಮೇಲೆಯೇ ನಿಂತಿದೆ. ಅಮೆರಿಕದ ಪಶ್ಚಿಮ ಕರಾವಳಿಯವರು ಇದನ್ನು ಯೋಚಿಸಿ, ಸಾಕಷ್ಟು ತಿಳಿಯುವವರೆಗೆ ಕಂದೀಲು ಮೀನು ಮೊದಲಾದ ಮೇವುಮೀನುಗಳ ಹೊಸ ಉದ್ಯಮವನ್ನು ತೊಡಗಬಾರದೆಂದು 2016ರಲ್ಲಿ ಕಟ್ಟಳೆ ಮಾಡಿಕೊಂಡರು. ಬಲೆಯು ಇಳಿಯುವುದಕ್ಕೆ ಮೊದಲೇ ಕಟ್ಟಳೆಯು ಬಂದದ್ದು ಕಡಲಿನ ಚರಿತ್ರೆಯಲ್ಲಿ ಅಪರೂಪ.

ಹಗೇವಿನ ಮಾತನ್ನು ಇನ್ನೊಮ್ಮೆ ನೆನೆಯೋಣ. ಬರಗಾಲಕ್ಕೆಂದು ಹೂಳಿಟ್ಟ ಜೋಳದ ಬಾಯನ್ನು ತೆರೆಯುವ ಮೊದಲು ಮನೆಯ ಹಿರಿಯರು ಮೂರು ಮಾತನ್ನು ಕೇಳುತ್ತಿದ್ದರು: ಒಳಗೆ ಎಷ್ಟು ಇದೆ? ಈಗ ತೆಗೆಯುವ ಅಗತ್ಯವೇನು? ಬಿತ್ತನೆಗೆ ಎಷ್ಟು ಉಳಿಯಬೇಕು? ಅರಬ್ಬೀ ಸಮುದ್ರದ ಈ ಹಗೇವಿನ ವಿಷಯದಲ್ಲಿ ಮೊದಲನೆಯ ಪ್ರಶ್ನೆಗೇ ಇನ್ನೂ ಗಟ್ಟಿಯಾದ ಉತ್ತರ ಬಂದಿಲ್ಲ. ಬರುವವರೆಗೆ ಬಾಗಿಲನ್ನು ಮುಚ್ಚಿಡುವುದು ಲೋಭವಲ್ಲ, ಸಂಸಾರಿಯ ಎಚ್ಚರ.

ಮುಂದಿನ ಅಮಾವಾಸ್ಯೆಯ ಸಂಜೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಮಕ್ಕಳನ್ನು ಪಡುವಣ ದಿಕ್ಕಿಗೆ ನಿಲ್ಲಿಸಿ ಈ ಸಂಗತಿಯನ್ನು ಹೇಳಿರಿ: ನಾಡನ್ನು ದಾಟಿ, ಘಟ್ಟವನ್ನು ಇಳಿದು, ಕರಾವಳಿಯ ಜಗಲಿಯನ್ನು ಮೀರಿ ಹೋದರೆ, ಅಲ್ಲಿ ಅದೇ ಗಳಿಗೆಯಲ್ಲಿ ಎಣಿಕೆಯಿಲ್ಲದ ಪುಟ್ಟ ಮೀನುಗಳು ಹೊಟ್ಟೆಯ ಮೇಲಿನ ದೀಪಗಳೊಡನೆ ಕತ್ತಲೆಯ ಕೋಟೆಯಿಂದ ಮೇಲಕ್ಕೆ ಹೊರಟಿರುವುವು, ಬೆಳಗಾಗುವುದರೊಳಗೆ ಮನೆಗೆ ಮರಳುವುವು.